ಶೂನ್ಯ ಬಡ್ಡಿಯ ಕಾರು ಸಾಲ: ಬಡ್ಡಿ ಎಲ್ಲಿ ಅಡಗಿದೆ?



ಹಬ್ಬದ ದಿನಗಳು ಹತ್ತಿರವಾದಂತೆ ಪತ್ರಿಕೆಗಳ ಪುಟಗಳಲ್ಲಿ ಒಂದು ದೊಡ್ಡ ಸೊನ್ನೆ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲಿ ಶೇಕಡಾ ಚಿಹ್ನೆ, ಕೆಳಗೆ ಹೊಳೆಯುವ ಕಾರು, ಅದರ ಸುತ್ತ ನಗುತ್ತ ನಿಂತ ಒಂದು ಕುಟುಂಬ. ಬಡ್ಡಿಯಿಲ್ಲದ ಸಾಲ, ಇಂದೇ ಮನೆಗೆ ಒಯ್ಯಿರಿ ಎಂಬ ಕರೆ. ಪುಟದ ತೀರ ಕೆಳಗೆ ಒಂದು ನಕ್ಷತ್ರದ ಗುರುತು. ಅದರ ಮುಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಷರತ್ತುಗಳು ಅನ್ವಯಿಸುತ್ತವೆ' ಎಂಬ ಮಾತು.

ಈ ವಿಷಯವನ್ನು ನಮ್ಮ ಸಂವಾದ ಕಾರ್ಯಕ್ರಮಕ್ಕೆ ಎತ್ತಿಕೊಂಡಾಗ ಒಂದು ತೊಡಕು ಎದುರಾಯಿತು. ಪರದೆಯ ಮೇಲೆ ಅಂಕಿಗಳು ಬಂದಷ್ಟೇ ಬೇಗ ಹೋಗಿಬಿಡುತ್ತವೆ. ನೋಡುತ್ತಿರುವವರು ಅವನ್ನು ತಡೆದು ನಿಲ್ಲಿಸಿ ಪರೀಕ್ಷಿಸುವಂತಿಲ್ಲ. ಆದ್ದರಿಂದ ಲೆಕ್ಕದ ಭಾಗವನ್ನು ಈ ಪುಟಗಳಿಗೆ ಉಳಿಸಿಕೊಂಡಿದ್ದೇವೆ. ಒಂದು ಹಾಳೆ, ಒಂದು ಪೆನ್ಸಿಲು ಹತ್ತಿರವಿರಲಿ. ಇದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯದೇ: ಕೂಡುವುದು, ಕಳೆಯುವುದು, ಶೇಕಡಾ ಮತ್ತು ಸರಾಸರಿ.

ಕಾರು ಕೊಳ್ಳುವವರು ನಾವಲ್ಲವಲ್ಲ, ನಮಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಮೊದಲ ಕಾರು ಕೊಳ್ಳುವ ಹೊತ್ತಿಗೆ, ಷೋರೂಮಿನ ಮೇಜಿನ ಮೇಲೆ ಹರಡಿದ ಇಂಗ್ಲಿಷ್ ಕಾಗದಗಳನ್ನು ಓದಬಲ್ಲವರು ಕಾಲೇಜಿಗೆ ಹೋಗುವ ಮಗ ಅಥವಾ ಮಗಳು. ಸಹಿ ಅಪ್ಪನದೋ ಅಮ್ಮನದೋ ಇರುತ್ತದೆ. ಓದುವ ಕಣ್ಣು ಮಾತ್ರ ನಿಮ್ಮದು. ಮೂರು ನಾಲ್ಕು ವರ್ಷ ಮನೆಯ ಸಂಬಳದಿಂದ ಹೋಗುವ ಹಣ ಆ ಕಣ್ಣನ್ನು ನಂಬಿಕೊಂಡಿರುತ್ತದೆ.

ಕೈಗಡವೂ ಕಂಪನಿಯ ಸಾಲವೂ

ಪಕ್ಕದ ಮನೆಯವರಿಂದ ಐನೂರು ರೂಪಾಯಿ ಕೈಗಡ ತಂದು, ಸಂಬಳ ಬಂದ ದಿನ ಹಿಂದಿರುಗಿಸುತ್ತೇವೆ. ಅದಕ್ಕೆ ಬಡ್ಡಿ ಕೊಡುವುದಿಲ್ಲ, ಕೇಳುವವರೂ ಇಲ್ಲ. ಅಲ್ಲಿ ವಿಶ್ವಾಸವಿದೆ, ನಾಳೆ ಅವರಿಗೆ ಬೇಕಾದಾಗ ನಾವೂ ಕೊಡುತ್ತೇವೆ ಎಂಬ ಭರವಸೆಯಿದೆ. ಬಡ್ಡಿಯಿಲ್ಲದ ಸಾಲ ಎಂದಾಗ ನಮ್ಮ ಮನಸ್ಸಿಗೆ ಬರುವುದು ಇಂಥ ಕೈಗಡವೇ.

ಬ್ಯಾಂಕು ಅಥವಾ ಹಣಕಾಸು ಕಂಪನಿಯ ಸಾಲ ಹಾಗಲ್ಲ. ಅದು ಕೊಡುವ ಹಣ ಅದರ ಸ್ವಂತದ್ದಲ್ಲ. ನಿಮ್ಮ ಅಜ್ಜಿ ನಿಶ್ಚಿತ ಠೇವಣಿಯಲ್ಲಿಟ್ಟ ಹಣವೂ ಅದರಲ್ಲಿ ಸೇರಿರಬಹುದು. ಆ ಠೇವಣಿಗೆ ಬ್ಯಾಂಕು ಬಡ್ಡಿ ಕೊಡಲೇಬೇಕು. ಹೀಗಿರುವಾಗ ಅದೇ ಹಣವನ್ನು ಇನ್ನೊಬ್ಬರಿಗೆ ಬಡ್ಡಿಯಿಲ್ಲದೆ ಕೊಟ್ಟರೆ ಬ್ಯಾಂಕು ಉಳಿಯುವುದು ಹೇಗೆ? ಕೊಳ್ಳುವವರು ಬಡ್ಡಿ ಕಟ್ಟುತ್ತಿಲ್ಲವೆಂದರೆ ಬೇರೆ ಯಾರೋ ಕಟ್ಟುತ್ತಿದ್ದಾರೆ ಎಂದೇ ಅರ್ಥ. ಸಾಮಾನ್ಯವಾಗಿ ಅದು ಕಾರು ತಯಾರಿಸಿದ ಕಂಪನಿ ಅಥವಾ ಮಾರುವ ಡೀಲರ್. ಅವರು ಸಾಲ ಕೊಟ್ಟ ಸಂಸ್ಥೆಗೆ ಬಡ್ಡಿಯ ಬದಲು ಒಂದು ಮೊತ್ತವನ್ನು ಮೊದಲೇ ಸಲ್ಲಿಸುತ್ತಾರೆ. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಸಬ್ವೆನ್ಷನ್ ಎನ್ನುತ್ತಾರೆ.

ಮುಂದಿನ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಮೊತ್ತವನ್ನು ಅವರು ಎಲ್ಲಿಂದ ತರುತ್ತಾರೆ? ದಾರಿಗಳು ಎರಡು. ಒಂದು, ತಮ್ಮ ಲಾಭವನ್ನು ನಿಜವಾಗಿಯೇ ಬಿಟ್ಟುಕೊಡುವುದು. ಮಾರಾಟವಾಗದ ಕಾರುಗಳು ಅಂಗಳ ತುಂಬಿದಾಗ ಹೀಗೆ ಮಾಡುವುದುಂಟು. ಇನ್ನೊಂದು, ನಗದು ಕೊಟ್ಟು ಕೊಳ್ಳುವವರಿಗೆ ಕೊಡುತ್ತಿದ್ದ ರಿಯಾಯಿತಿಯನ್ನು ನಿಮಗೆ ಕೊಡದೆ ಅದೇ ಹಣವನ್ನು ಸಾಲ ಕೊಟ್ಟವರ ಕಡೆಗೆ ತಿರುಗಿಸುವುದು. ಎರಡನೆಯ ದಾರಿಯಲ್ಲಿ ಬಡ್ಡಿ ಕಟ್ಟಿದವರು ನೀವೇ. ನಿಮಗೆ ಅದು ಕಾಣಲಿಲ್ಲ, ಅಷ್ಟೆ.

ಇದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆ ಅಮೆರಿಕದ್ದು. ೨೦೦೧ರ ಸೆಪ್ಟೆಂಬರ್ ೧೧ರ ದಾಳಿಯ ನಂತರ ಅಲ್ಲಿನ ಜನ ಷೋರೂಮುಗಳ ಕಡೆ ತಲೆಹಾಕುವುದನ್ನೇ ನಿಲ್ಲಿಸಿದ್ದರು. ಕೆಲವೇ ದಿನಗಳಲ್ಲಿ ಜನರಲ್ ಮೋಟಾರ್ಸ್ ಕಂಪನಿ ಶೂನ್ಯ ಬಡ್ಡಿಯ ಸಾಲವನ್ನು ಘೋಷಿಸಿತು. ಫೋರ್ಡ್ ಮತ್ತು ಕ್ರೈಸ್ಲರ್ ಅದನ್ನು ಹಿಂಬಾಲಿಸಿದವು. ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ವಾಹನ ಮಾರಾಟ ದಾಖಲೆಯ ಮಟ್ಟಕ್ಕೆ ಏರಿತು. ೧೯೧೯ರಲ್ಲೇ ಸಾಲ ಕೊಡುವುದಕ್ಕೆಂದು ಸ್ವಂತ ಸಂಸ್ಥೆಯನ್ನು ಕಟ್ಟಿಕೊಂಡಿದ್ದ ಜನರಲ್ ಮೋಟಾರ್ಸಿಗೆ ಈ ಆಟದ ನಿಯಮಗಳು ಚೆನ್ನಾಗಿ ಗೊತ್ತಿದ್ದವು. ಆ ದೇಶದ ಇಂಥ ಎಷ್ಟೋ ಯೋಜನೆಗಳಲ್ಲಿ ಗ್ರಾಹಕನ ಮುಂದೆ ಒಂದು ಆಯ್ಕೆ ಇರುತ್ತದೆ: ಶೂನ್ಯ ಬಡ್ಡಿ ಬೇಕೋ, ಬೆಲೆಯಲ್ಲಿ ಕಡಿತ ಬೇಕೋ? ಎರಡರಲ್ಲಿ ಒಂದು ಮಾತ್ರ. ಈ 'ಒಂದು ಮಾತ್ರ' ಎಂಬಲ್ಲಿಯೇ ಗುಟ್ಟೆಲ್ಲ ಇದೆ. ಬನ್ನಿ, ಅದನ್ನು ಲೆಕ್ಕ ಹಾಕಿ ನೋಡೋಣ.

ಲೆಕ್ಕ ಶುರು

ಒಂದು ಕಾರಿನ ಬೆಲೆ ೬,೦೦,೦೦೦ ರೂಪಾಯಿ ಎಂದುಕೊಳ್ಳಿ. ಇವೆಲ್ಲ ಲೆಕ್ಕಕ್ಕೆ ಅನುಕೂಲವಾಗಲೆಂದು ಇಟ್ಟುಕೊಂಡ ಅಂಕಿಗಳು. ಯೋಜನೆ ಹೀಗಿದೆ: ೨,೪೦,೦೦೦ ರೂಪಾಯಿ ಮುಂಗಡ ಕೊಡಬೇಕು, ಉಳಿದ ೩,೬೦,೦೦೦ ರೂಪಾಯಿಯನ್ನು ತಿಂಗಳಿಗೆ ೧೦,೦೦೦ದಂತೆ ೩೬ ಕಂತುಗಳಲ್ಲಿ ತೀರಿಸಬೇಕು. ಹತ್ತು ಸಾವಿರವನ್ನು ಮೂವತ್ತಾರರಿಂದ ಗುಣಿಸಿ. ಸರಿಯಾಗಿ ೩,೬೦,೦೦೦. ಒಂದು ಪೈಸೆಯೂ ಹೆಚ್ಚಿಲ್ಲ. ಜಾಹೀರಾತಿನ ಸೊನ್ನೆ ಸುಳ್ಳಲ್ಲ.

ಈಗ ಅದೇ ಮೇಜಿನ ಮುಂದೆ ಕುಳಿತು ಇನ್ನೊಂದು ಪ್ರಶ್ನೆ ಕೇಳಿ: "ಪೂರ್ತಿ ಹಣ ಒಟ್ಟಿಗೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?" ೫,೬೦,೦೦೦ಕ್ಕೆ ಕೊಡುತ್ತೇವೆ ಎಂಬ ಉತ್ತರ ಬಂತು ಎನ್ನೋಣ. ಈ ಒಂದೇ ಉತ್ತರದಿಂದ ಚಿತ್ರ ಬದಲಾಗುತ್ತದೆ. ಆ ಕಾರಿನ ನಿಜವಾದ ಬೆಲೆ ೫,೬೦,೦೦೦. ನೀವು ೨,೪೦,೦೦೦ ಮುಂಗಡ ಕೊಟ್ಟಿರಿ. ಹಾಗಾದರೆ ನೀವು ನಿಜವಾಗಿ ಪಡೆದ ಸಾಲ ೩,೨೦,೦೦೦ ಮಾತ್ರ. ಹಿಂದಿರುಗಿಸುವುದು ೩,೬೦,೦೦೦. ನಡುವಿನ ೪೦,೦೦೦ ರೂಪಾಯಿಗೆ ಏನೆಂದು ಹೆಸರಿಡುತ್ತೀರಿ?

ಅದು ವರ್ಷಕ್ಕೆ ಶೇಕಡಾ ಎಷ್ಟು ಬಡ್ಡಿಯಾಯಿತು ಎಂಬುದನ್ನೂ ಅಂದಾಜು ಮಾಡಬಹುದು. ತಿಂಗಳು ತಿಂಗಳೂ ಕಂತು ಕಟ್ಟುವುದರಿಂದ ಸಾಲ ಇಳಿಯುತ್ತ ಹೋಗುತ್ತದೆ. ಮೊದಲು ೩,೨೦,೦೦೦ ಇದ್ದದ್ದು ಕೊನೆಗೆ ಸೊನ್ನೆಯಾಗುತ್ತದೆ. ಮೂರು ವರ್ಷಗಳಲ್ಲಿ ಸರಾಸರಿ ಬಾಕಿ ಸುಮಾರು ಅದರ ಅರ್ಧ, ಅಂದರೆ ೧,೬೦,೦೦೦. ಮೂರು ವರ್ಷಕ್ಕೆ ೪೦,೦೦೦ ಎಂದರೆ ವರ್ಷಕ್ಕೆ ಸುಮಾರು ೧೩,೩೩೩. ಇದು ೧,೬೦,೦೦೦ದ ಶೇಕಡಾ ಎಂಟಕ್ಕಿಂತ ತುಸು ಹೆಚ್ಚು. ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ ಶೇಕಡಾ ೭.೮ ಬರುತ್ತದೆ. ಸೊನ್ನೆ ಎಂದು ಬರೆದಿದ್ದ ಜಾಗದಲ್ಲಿ ಇದ್ದದ್ದು ಏಳು ಮುಕ್ಕಾಲಕ್ಕಿಂತ ಹೆಚ್ಚು!

ಇದರ ತರ್ಕ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಚೀಟಿ ಹಾಕುವವರನ್ನು ನೀವು ಕಂಡಿರಬಹುದು. ಇಪ್ಪತ್ತು ಜನ ತಿಂಗಳಿಗೆ ಐದು ಸಾವಿರದಂತೆ ಹಾಕಿದರೆ ಒಂದು ಲಕ್ಷದ ಚೀಟಿ. ತುರ್ತಾಗಿ ಹಣ ಬೇಕಾದವರು ಮೊದಲೇ ಚೀಟಿ ಕೂಗುತ್ತಾರೆ. ಹದಿನೈದು ಸಾವಿರ ಬಿಟ್ಟು ಎಂಬತ್ತೈದು ಸಾವಿರ ತೆಗೆದುಕೊಳ್ಳುತ್ತಾರೆ. ಅಲ್ಲಿ ಬಡ್ಡಿ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಆದರೆ ಬಿಟ್ಟ ಹದಿನೈದು ಸಾವಿರ ಏನೆಂಬುದು ಎಲ್ಲರಿಗೂ ಗೊತ್ತು. ಕಾರಿನ ವ್ಯವಹಾರದಲ್ಲಿ ಬಿಟ್ಟುಕೊಟ್ಟ ರಿಯಾಯಿತಿಯೂ ಅದೇ. ವ್ಯತ್ಯಾಸ ಇಷ್ಟೇ: ಚೀಟಿಯಲ್ಲಿ ಎಷ್ಟು ಬಿಡುತ್ತೇವೆಂದು ನಾವೇ ಕೂಗಿ ಹೇಳುತ್ತೇವೆ, ಷೋರೂಮಿನಲ್ಲಿ ನಾವು ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಕೇಳದೇ ಇದ್ದವರ ಸಾಲಿನಲ್ಲಿ ನಾನೂ ಒಬ್ಬಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶೂನ್ಯ ಬಡ್ಡಿಯ ಕಂತಿನ ಮೇಲೆ ಒಂದು ಸ್ಕೂಟರ್ ಕೊಂಡೆ. ಪದವಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಅನಂತ ಶ್ರೇಣಿಗಳ ಮೊತ್ತ ಕಂಡುಹಿಡಿದವಳು ನಾನು. ಆದರೂ ಅಂಗಡಿಯವರಿಗೆ ನಗದು ಬೆಲೆ ಎಷ್ಟೆಂದು ಕೇಳಲಿಲ್ಲ. ತಿಂಗಳ ಕಂತು ನನ್ನ ಸಂಬಳಕ್ಕೆ ಹೊಂದುತ್ತದೆಯೇ ಎಂದಷ್ಟೇ ನೋಡಿದೆ. ವಾರ ಕಳೆದ ಮೇಲೆ ಸಹೋದ್ಯೋಗಿಯೊಬ್ಬರು ಅದೇ ಸ್ಕೂಟರನ್ನು ಅದೇ ಅಂಗಡಿಯಲ್ಲಿ ನಗದಿಗೆ ಕಡಿಮೆ ಬೆಲೆಯಲ್ಲಿ ತಂದಾಗ ತಿಳಿಯಿತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ನಾನು ಪ್ರಶ್ನೆ ಕೇಳಿರಲಿಲ್ಲ.

ಶುಲ್ಕ ಮತ್ತು ಮುಂಗಡ ಕಂತು

ಲೆಕ್ಕ ಇನ್ನೂ ಮುಗಿದಿಲ್ಲ. ಸಾಲದ ಅರ್ಜಿಯೊಂದಿಗೆ ಪ್ರೊಸೆಸಿಂಗ್ ಫೀ ಎಂಬ ಶುಲ್ಕವಿರುತ್ತದೆ. ಅದು ೫,೦೦೦ ರೂಪಾಯಿ ಎನ್ನೋಣ. ಅದರ ಮೇಲೆ ಶೇಕಡಾ ೧೮ರ ಜಿ.ಎಸ್.ಟಿ. ೯೦೦. ಒಟ್ಟು ೫,೯೦೦ ರೂಪಾಯಿ ಮೊದಲ ದಿನವೇ ಕೈಬಿಟ್ಟಿತು. ಆಗ ನಿಮ್ಮ ಕೈಗೆ ನಿಜವಾಗಿ ದಕ್ಕಿದ ಸಾಲ ೩,೧೪,೧೦೦. ಕಂತುಗಳು ಮಾತ್ರ ಹಿಂದಿನಂತೆಯೇ. ದರ ಶೇಕಡಾ ೭.೮ರಿಂದ ೯.೧ಕ್ಕೆ ಏರಿತು.

ಕೆಲವು ಯೋಜನೆಗಳಲ್ಲಿ ಮೊದಲ ಎರಡು ಮೂರು ಕಂತುಗಳನ್ನು ಕಾರು ಕೊಡುವ ದಿನವೇ ಕಟ್ಟಿಸಿಕೊಳ್ಳುತ್ತಾರೆ. ಮೂರು ಕಂತು ಎಂದರೆ ೩೦,೦೦೦ ರೂಪಾಯಿ. ಹೇಗಿದ್ದರೂ ಕಟ್ಟಬೇಕಾದ ಹಣ ತಾನೆ ಎನಿಸುತ್ತದೆ. ಆದರೆ ಸಾಲ ಕೊಟ್ಟ ದಿನವೇ ಅದರಲ್ಲೊಂದು ಭಾಗವನ್ನು ಹಿಂದಕ್ಕೆ ತೆಗೆದುಕೊಂಡರೆ ಸಾಲವೇ ಚಿಕ್ಕದಾಗುತ್ತದೆ. ಈಗ ನೀವು ಬಳಸುತ್ತಿರುವುದು ೨,೮೪,೧೦೦ ರೂಪಾಯಿ. ತೀರಿಸುವುದು ೩೩ ಕಂತುಗಳಲ್ಲಿ ೩,೩೦,೦೦೦. ದರ ಸುಮಾರು ಶೇಕಡಾ ೧೦.೯ ಆಯಿತು.

ಮೆಟ್ಟಿಲುಗಳನ್ನು ಒಮ್ಮೆ ಹಿಂದಿರುಗಿ ನೋಡಿ. ಜಾಹೀರಾತಿನಲ್ಲಿ ಸೊನ್ನೆ. ಬಿಟ್ಟ ರಿಯಾಯಿತಿಯನ್ನು ಸೇರಿಸಿದರೆ ೭.೮. ಶುಲ್ಕ ಸೇರಿಸಿದರೆ ೯.೧. ಮುಂಗಡ ಕಂತುಗಳನ್ನೂ ಸೇರಿಸಿದರೆ ೧೦.೯.

ಇದಕ್ಕೆ ಬದಲಾಗಿ ನಗದು ಬೆಲೆಗೇ ಒಪ್ಪಿಸಿ, ೨,೪೦,೦೦೦ ಕೈಯಿಂದ ಹಾಕಿ, ೩,೨೦,೦೦೦ ರೂಪಾಯಿಯನ್ನು ಶೇಕಡಾ ೯ರ ಸಾಮಾನ್ಯ ಬ್ಯಾಂಕ್ ಸಾಲವಾಗಿ ಪಡೆದಿದ್ದರೆ ಏನಾಗುತ್ತಿತ್ತು? ಮೂರು ವರ್ಷಕ್ಕೆ ಕಂತು ೧೦,೧೭೬. ಒಟ್ಟು ಕಟ್ಟುವುದು ಸುಮಾರು ೩,೬೬,೩೦೦. ಮುಂಗಡ ಕಂತುಗಳಿಲ್ಲದ ಶೂನ್ಯ ಬಡ್ಡಿಯ ಸಾಲದಲ್ಲಿ ಶುಲ್ಕವೂ ಸೇರಿ ೩,೬೫,೯೦೦. ಶೇಕಡಾ ೯ಕ್ಕೂ ಶೂನ್ಯಕ್ಕೂ ನಡುವೆ ವ್ಯತ್ಯಾಸ ನಾನೂರು ರೂಪಾಯಿ! ಬ್ಯಾಂಕು ತನ್ನ ಶುಲ್ಕವನ್ನು ಹಾಕಿದರೆ ಅಷ್ಟನ್ನು ಅದರ ಪಾಲಿಗೆ ಸೇರಿಸಿ ಹೋಲಿಸಬೇಕು.

ಇನ್ನೂ ಒಂದು ವಿಚಾರವಿದೆ. ಸಾಮಾನ್ಯ ಸಾಲವನ್ನು ಮಧ್ಯದಲ್ಲೇ ತೀರಿಸಿದರೆ ಮುಂದಿನ ಬಡ್ಡಿ ಉಳಿಯುತ್ತದೆ. ಸ್ಥಿರ ದರದ ಸಾಲವಾದರೆ ಅವಧಿಗೆ ಮೊದಲು ಮುಗಿಸುವ ಶುಲ್ಕವಿದೆಯೇ ಎಂದು ನೋಡಿಕೊಳ್ಳಬೇಕು, ಅಷ್ಟೆ. ಶೂನ್ಯ ಬಡ್ಡಿಯ ಸಾಲವನ್ನು ಬೇಗ ತೀರಿಸಿ ಉಳಿಸುವುದೇನೂ ಇಲ್ಲ. ಮೊದಲ ದಿನ ಬಿಟ್ಟುಕೊಟ್ಟ ರಿಯಾಯಿತಿ ಹಿಂದಕ್ಕೆ ಬರುವುದಿಲ್ಲ.

ಫ್ಲ್ಯಾಟ್ ದರ ಎಂಬ ಇನ್ನೊಂದು ಮುಖ

ಶೂನ್ಯ ಬಡ್ಡಿ ಬೇಡವೆಂದಾಗ ಕೆಲವೊಮ್ಮೆ ಮುಂದಿಡುವುದು 'ಬರೀ ಏಳು ಪರ್ಸೆಂಟ್ ಫ್ಲ್ಯಾಟ್' ಎಂಬ ಮಾತು. ಫ್ಲ್ಯಾಟ್ ಎಂದರೆ ಸಾಲ ಇಳಿದರೂ ಬಡ್ಡಿಯನ್ನು ಮೊದಲ ದಿನದ ಮೊತ್ತದ ಮೇಲೆಯೇ ಕೊನೆಯವರೆಗೂ ಹಾಕುವುದು. ೩,೬೦,೦೦೦ಕ್ಕೆ ಶೇಕಡಾ ೭ರಂತೆ ಮೂರು ವರ್ಷಕ್ಕೆ ೭೫,೬೦೦ ರೂಪಾಯಿ ಬಡ್ಡಿ. ತಿಂಗಳ ಕಂತು ೧೨,೧೦೦. ಆದರೆ ಸರಾಸರಿ ಬಾಕಿ ಅರ್ಧದಷ್ಟೇ ಇರುತ್ತದೆಂದು ಆಗಲೇ ನೋಡಿದೆವಲ್ಲ? ಆದ್ದರಿಂದ ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದಾಗ ಇದೇ ಸಾಲದ ದರ ಶೇಕಡಾ ೧೨.೮. ಬ್ಯಾಂಕಿನ ಒಂಬತ್ತಕ್ಕಿಂತ ಫ್ಲ್ಯಾಟಿನ ಏಳು ಅಗ್ಗವೆಂದು ತಿಳಿದು ಸಹಿ ಹಾಕಿದವರು ಸುಮಾರು ನಾಲ್ಕು ಶೇಕಡಾಂಶ ಹೆಚ್ಚಿನ ದರ ಕಟ್ಟುತ್ತಾರೆ. ಎರಡು ದರಗಳನ್ನು ಹೋಲಿಸುವ ಮೊದಲು ಎರಡೂ ಒಂದೇ ಜಾತಿಯವೇ ಎಂದು ಕೇಳಿ.

ಹಾಗಾದರೆ ಶೂನ್ಯ ಬಡ್ಡಿ ಎಂದೂ ಒಳ್ಳೆಯದಲ್ಲವೇ?

ಹಾಗೆ ಹೇಳಿದರೆ ತಪ್ಪಾಗುತ್ತದೆ. ವಿಜ್ಞಾನದಲ್ಲಿ ಹೇಗೋ ಇಲ್ಲಿಯೂ ಹಾಗೆ, ತೀರ್ಪು ಕೊಡುವ ಮೊದಲು ಇನ್ನೊಂದು ಕಡೆಯನ್ನೂ ಅಳೆಯಬೇಕು.

ಪೂರ್ತಿ ಹಣ ಕೈಯಲ್ಲಿರುವವರನ್ನು ತೆಗೆದುಕೊಳ್ಳಿ. ಅವರು ಶೂನ್ಯ ಬಡ್ಡಿಯ ಸಾಲ ಪಡೆದು, ತಮ್ಮ ಹಣವನ್ನು ವರ್ಷಕ್ಕೆ ಶೇಕಡಾ ೬ರ ಬಡ್ಡಿ ಬರುವಲ್ಲಿ ಇಟ್ಟು, ಅದರಿಂದಲೇ ತಿಂಗಳಿಗೆ ಹತ್ತು ಸಾವಿರ ತೆಗೆದು ಕಂತು ಕಟ್ಟುತ್ತಾರೆ ಎನ್ನೋಣ. ಮೂವತ್ತಾರು ಕಂತುಗಳಿಗೆ ಇಂದು ಎಷ್ಟು ಇಟ್ಟರೆ ಸಾಕು? ೩,೬೦,೦೦೦ ಬೇಕಾಗಿಲ್ಲ. ಸುಮಾರು ೩,೨೮,೭೦೦ ಇಟ್ಟರೆ ಬಡ್ಡಿ ಸೇರಿಕೊಂಡು ಮೂರು ವರ್ಷಕ್ಕೆ ಸರಿಹೋಗುತ್ತದೆ. ಅಂದರೆ ಈ ಸಾಲದಿಂದ ಅವರಿಗೆ ಆದ ಲಾಭ ಇಂದಿನ ಬೆಲೆಯಲ್ಲಿ ಸುಮಾರು ೩೧,೩೦೦. ಶುಲ್ಕದ ೫,೯೦೦ ಕಳೆದರೆ ೨೫,೪೦೦. ಠೇವಣಿಯ ಬಡ್ಡಿಗೆ ಆದಾಯ ತೆರಿಗೆ ಬೀಳುವವರಿಗೆ ಇದು ಇನ್ನಷ್ಟು ಇಳಿಯುತ್ತದೆ.

ಈ ೨೫,೪೦೦ ತಕ್ಕಡಿಯ ಮುಳ್ಳಿದ್ದಂತೆ. ನಗದು ಕೊಟ್ಟರೆ ಸಿಗುವ ರಿಯಾಯಿತಿ ಇದಕ್ಕಿಂತ ಹೆಚ್ಚಿದ್ದರೆ ನಗದು ಮೇಲು. ಕಡಿಮೆ ಇದ್ದರೆ ಶೂನ್ಯ ಬಡ್ಡಿ ಮೇಲು. ರಿಯಾಯಿತಿಯೇ ಇಲ್ಲ, ಯಾರು ಹೇಗೆ ಕೊಂಡರೂ ಅದೇ ಬೆಲೆ ಎಂದಾದರೆ ಶೂನ್ಯ ಬಡ್ಡಿಯ ಸಾಲ ನಿಜಕ್ಕೂ ಒಳ್ಳೆಯ ವ್ಯವಹಾರ. ಕಂಪನಿ ತನ್ನ ಲಾಭದಿಂದ ಕೊಡುತ್ತಿರುವ ಉಡುಗೊರೆ ಅದು, ಸಂಕೋಚವಿಲ್ಲದೆ ತೆಗೆದುಕೊಳ್ಳಬಹುದು. ಪೂರ್ತಿ ಹಣವಿಲ್ಲದೆ ಸಾಲ ಮಾಡಲೇಬೇಕಾದವರು ಮಾತ್ರ ಠೇವಣಿಯ ದರದೊಡನೆ ಹೋಲಿಸಬಾರದು. ತಮಗೆ ಬೇರೆ ಕಡೆ ಸಿಗುವ ಸಾಲದ ದರದೊಡನೆ ಹೋಲಿಸಬೇಕು.

ರಿಸರ್ವ್ ಬ್ಯಾಂಕ್ ಹೇಳಿದ್ದು

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕ್ ೨೦೧೩ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿತು. ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಶುಲ್ಕದ ವೇಷದಲ್ಲಿ ವಸೂಲು ಮಾಡಲಾಗುತ್ತದೆ ಎಂದು ಎಚ್ಚರಿಸಿತು. ತಯಾರಕರು ಬೆಲೆಯಲ್ಲಿ ರಿಯಾಯಿತಿ ಕೊಟ್ಟರೆ, ಬಡ್ಡಿಯ ದರವನ್ನು ಕಡಿಮೆ ತೋರಿಸದೆ ಸಾಲದ ಮೊತ್ತವನ್ನೇ ಕಡಿಮೆ ಮಾಡಿ ಆ ಲಾಭವನ್ನು ಗ್ರಾಹಕರಿಗೆ ತಲುಪಿಸಬೇಕೆಂದಿತು. ನಾವು ಈಗಷ್ಟೇ ಪೆನ್ಸಿಲಿನಲ್ಲಿ ಮಾಡಿದ ಲೆಕ್ಕದ ಸಾರವೂ ಇದೇ.

ಆನಂತರ ಬಳಕೆಗೆ ಬಂದದ್ದು 'ನೋ ಕಾಸ್ಟ್ ಇಎಂಐ' ಎಂಬ ಹೆಸರು. ಮೊಬೈಲ್ ಫೋನ್ ಕೊಳ್ಳುವಾಗ ನೀವೇ ಇದನ್ನು ಎದುರಿಸುತ್ತೀರಿ. ಇಲ್ಲಿ ಬ್ಯಾಂಕು ಬಡ್ಡಿ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರುವವರು ಬೆಲೆಯಲ್ಲಿ ಇಳಿಸುತ್ತಾರೆ. ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಯ ಮೇಲೆ ಶೇಕಡಾ ೧೮ರ ಜಿ.ಎಸ್.ಟಿ. ಇರುತ್ತದೆ. ಅದನ್ನು ಕಟ್ಟುವವರು ಕೊಂಡವರು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಒಮ್ಮೆಲೇ ಕೊಟ್ಟರೆ ಎಷ್ಟು?

ಗ್ರಾಹಕರ ಕೈಗೆ ಒಂದು ಒಳ್ಳೆಯ ಆಯುಧ ಸಿಕ್ಕಿದ್ದು ೨೦೨೪ರಲ್ಲಿ. ಆ ವರ್ಷದ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶದ ಪ್ರಕಾರ, ಅಕ್ಟೋಬರ್ ೧ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯಾಂಶಗಳ ಪತ್ರವನ್ನು ಕೊಡಲೇಬೇಕು. ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಬಡ್ಡಿ, ಶುಲ್ಕ, ಸಾಲದೊಡನೆ ವಸೂಲು ಮಾಡುವ ವಿಮೆಯ ಹಣ ಎಲ್ಲವನ್ನೂ ಸೇರಿಸಿದ ವಾರ್ಷಿಕ ದರವನ್ನು ಅದರಲ್ಲಿ ಬರೆದಿರಬೇಕು. ಈ ದರಕ್ಕೆ ಎ.ಪಿ.ಆರ್. ಎಂದು ಹೆಸರು. ಆ ಪತ್ರದಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ಅವರಿಗೆ ವಿವರಿಸಬೇಕು. ನಿಮ್ಮ ತಂದೆತಾಯಿಗೆ ಕನ್ನಡವೇ ಅನುಕೂಲವಾದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ದಾಕ್ಷಿಣ್ಯದ ವಿಷಯವಲ್ಲ, ಹಕ್ಕು.

ಇಲ್ಲಿ ಒಂದು ಎಚ್ಚರಿಕೆ. ಈ ಪತ್ರ ಸಾಲದ ಖರ್ಚನ್ನು ಹೇಳುತ್ತದೆ. ಸಾಲ ಮಾಡಿದ್ದಕ್ಕಾಗಿ ನೀವು ಕಳೆದುಕೊಂಡ ರಿಯಾಯಿತಿಯ ಸುದ್ದಿ ಅದರಲ್ಲಿ ಬರುವುದಿಲ್ಲ. ನಮ್ಮ ಉದಾಹರಣೆಯ ೪೦,೦೦೦ ರೂಪಾಯಿ ಯಾವ ಕಾಗದದಲ್ಲೂ ಕಾಣಿಸದು. ಅದನ್ನು ಕೇಳಿ ತಿಳಿದು, ಲೆಕ್ಕಕ್ಕೆ ಸೇರಿಸಬೇಕಾದವರು ನೀವೇ.

ಕಾರಿನ ದೊಡ್ಡ ಖರ್ಚು

ಬಡ್ಡಿಯ ಚರ್ಚೆಯ ಭರದಲ್ಲಿ ಅದಕ್ಕಿಂತ ದೊಡ್ಡ ವಿಷಯ ಮರೆಯಾಗಬಾರದು. ಕಾರು ಹಳೆಯದಾಗುತ್ತದೆ. ವಿಮೆಯವರು ವಾಹನದ ಬೆಲೆ ಕಟ್ಟಲು ಬಹುಕಾಲದಿಂದ ಬಳಸುತ್ತಿರುವ ಕೋಷ್ಟಕವೊಂದಿದೆ. ಆರು ತಿಂಗಳೊಳಗಿನ ವಾಹನಕ್ಕೆ ಶೇಕಡಾ ೫, ಒಂದು ವರ್ಷದವರೆಗೆ ೧೫, ಎರಡು ವರ್ಷದವರೆಗೆ ೨೦, ಮೂರು ವರ್ಷದವರೆಗೆ ೩೦, ನಾಲ್ಕು ವರ್ಷದವರೆಗೆ ೪೦, ಐದು ವರ್ಷದವರೆಗೆ ೫೦ ಕಡಿತ. ಈ ಲೆಕ್ಕದಲ್ಲಿ ನಮ್ಮ ಆರು ಲಕ್ಷದ ಕಾರು ಕೊನೆಯ ಕಂತು ಕಟ್ಟುವ ಹೊತ್ತಿಗೆ ೪,೨೦,೦೦೦ಕ್ಕೆ ಇಳಿದಿರುತ್ತದೆ. ಕರಗಿದ್ದು ೧,೮೦,೦೦೦. ಬಡ್ಡಿ ಸೊನ್ನೆಯಾದರೂ ಒಂಬತ್ತಾದರೂ ಇದು ತಪ್ಪುವುದಿಲ್ಲ.

ಆದ್ದರಿಂದ ಶೂನ್ಯ ಬಡ್ಡಿಯ ನಿಜವಾದ ಅಪಾಯ ನಲವತ್ತು ಸಾವಿರದ ನಷ್ಟವಲ್ಲ. ಬಡ್ಡಿಯಿಲ್ಲವಲ್ಲ ಎಂಬ ಧೈರ್ಯದಲ್ಲಿ ಆರು ಲಕ್ಷದ ಬದಲು ಒಂಬತ್ತು ಲಕ್ಷದ ಕಾರನ್ನು ಆರಿಸಿಬಿಡುವುದು. ಕಂತು ನೋಡಿ ಕಾರು ಆರಿಸಿದರೆ ಹೀಗಾಗುತ್ತದೆ. ಜಾಹೀರಾತಿನ ಸೊನ್ನೆ ಸಾಲಕ್ಕೆ ಮಾತ್ರ ಸಂಬಂಧಿಸಿದ್ದು ಎಂಬುದೂ ನೆನಪಿರಲಿ. ಎಕ್ಸ್ ಷೋರೂಂ ಬೆಲೆಯ ಮೇಲೆ ರಾಜ್ಯದ ವಾಹನ ತೆರಿಗೆ, ವಿಮೆ, ನೋಂದಣಿ ಸೇರಿ ಆನ್ ರೋಡ್ ಬೆಲೆಯಾಗುತ್ತದೆ. ಆಮೇಲೆ ಪೆಟ್ರೋಲು, ಸರ್ವೀಸು, ಟೈರು. ಇವು ಯಾವುವೂ ಆ ಸೊನ್ನೆಯಲ್ಲಿ ಸೇರಿರುವುದಿಲ್ಲ.

ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಸಾಲ ತೀರುವವರೆಗೆ ಆರ್.ಸಿ. ಪುಸ್ತಕದಲ್ಲಿ ಸಾಲ ಕೊಟ್ಟವರ ಹೆಸರಿರುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೧ನೆಯ ಕಲಮಿನ ಪ್ರಕಾರ ಇದನ್ನು ನಮೂದಿಸುತ್ತಾರೆ. ಕಂತುಗಳು ನಿಂತರೆ ದಂಡ ಶುಲ್ಕ ಬೀಳುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ, ಕೊನೆಗೆ ಕಾರನ್ನೇ ಎಳೆದೊಯ್ಯುವ ಸಂದರ್ಭವೂ ಬರಬಹುದು. ಮನೆಯ ಮಗಳ ಶಿಕ್ಷಣಕ್ಕೆ ಮುಂದೆ ಸಾಲ ಕೇಳಲು ಹೋದಾಗ ಈ ತಪ್ಪಿದ ಕಂತುಗಳೇ ಅಡ್ಡ ಬರಬಹುದು. ಅಲ್ಲಿ ಯಾರೂ ಇದು ಶೂನ್ಯ ಬಡ್ಡಿಯ ಸಾಲವಾಗಿತ್ತೆಂದು ರಿಯಾಯಿತಿ ತೋರಿಸುವುದಿಲ್ಲ. ಕಂತುಗಳೆಲ್ಲ ಸರಿಯಾಗಿ ತೀರಿದ ಮೇಲೆ ಸಾಲ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಪಡೆದು, ನಮೂನೆ ೩೫ನ್ನು ಆರ್.ಟಿ.ಒ. ಕಚೇರಿಗೆ ಕೊಟ್ಟು, ಆ ಹೆಸರನ್ನು ತೆಗೆಸಬೇಕು. ಇದನ್ನು ಮರೆತವರು ಕಾರು ಮಾರುವ ದಿನ ಪರದಾಡುತ್ತಾರೆ.

ಮೇಜಿನ ಮುಂದೆ ಕೇಳಬೇಕಾದ ಐದು ಪ್ರಶ್ನೆಗಳು

ಒಂದು: ಪೂರ್ತಿ ಹಣ ಒಟ್ಟಿಗೇ ಕೊಟ್ಟರೆ ಬೆಲೆ ಎಷ್ಟು? ಕಂತಿನ ಮಾತು ಬರುವ ಮೊದಲೇ ಇದನ್ನು ಕೇಳಿ, ಬರೆದು ಕೊಡಲು ಹೇಳಿ.

ಎರಡು: ಶುಲ್ಕ, ಅದರ ಮೇಲಿನ ಜಿ.ಎಸ್.ಟಿ., ಮುಂಗಡ ಕಂತು ಎಲ್ಲ ಸೇರಿ ಮೊದಲ ದಿನ ಕೈಯಿಂದ ಹೋಗುವುದು ಎಷ್ಟು?

ಮೂರು: ಹೇಳುತ್ತಿರುವ ದರ ಫ್ಲ್ಯಾಟೋ, ಇಳಿಯುವ ಬಾಕಿಯ ಮೇಲೋ? ಮುಖ್ಯಾಂಶಗಳ ಪತ್ರದಲ್ಲಿ ಎ.ಪಿ.ಆರ್. ಎಷ್ಟಿದೆ?

ನಾಲ್ಕು: ವಿಮೆಯನ್ನಾಗಲಿ, ಬಿಡಿಭಾಗಗಳನ್ನಾಗಲಿ ಇಲ್ಲಿಯೇ ಕೊಳ್ಳಬೇಕೆಂಬ ಷರತ್ತು ಇದೆಯೇ? ವಿಮೆಯನ್ನು ಹೊರಗೆ ವಿಚಾರಿಸಿ ಹೋಲಿಸಿ ನೋಡಿ.

ಐದು: ಈ ಪ್ರಶ್ನೆ ಮನೆಯವರಿಗೆ. ಒಂದು ತಿಂಗಳ ಸಂಬಳ ತಡವಾದರೆ, ಅಥವಾ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ, ಆ ತಿಂಗಳ ಕಂತು ಎಲ್ಲಿಂದ ಬರುತ್ತದೆ?

ಮೊದಲ ನಾಲ್ಕಕ್ಕೆ ಉತ್ತರ ಸಿ��್ಕ ಮೇಲೆ ಲೆಕ್ಕ ಮಾಡಲು ಹತ್ತು ನಿಮಿಷ ಸಾಕು. ಮಾರುವವರು ಅವಸರ ಮಾಡಿದರೂ ನೀವು ಅವಸರ ಮಾಡಬೇಡಿ. ಆ ಮುಖ್ಯಾಂಶಗಳ ಪತ್ರವನ್ನು ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವನ್ನು ರಿಸರ್ವ್ ಬ್ಯಾಂಕಿನ ಅದೇ ಆದೇಶ ಕೊಟ್ಟಿದೆ. ಕಾಗದವನ್ನು ಮನೆಗೆ ತನ್ನಿ, ಊಟವಾದ ಮೇಲೆ ಎಲ್ಲರೂ ಕುಳಿತು ನೋಡಿ.

ಕೊನೆಯಲ್ಲಿ ನಿಮಗೊಂದು ಅಭ್ಯಾಸ. ಈ ವಾರದ ಪತ್ರಿಕೆಯಿಂದ ಶೂನ್ಯ ಬಡ್ಡಿಯ ಅಥವಾ ಕಡಿಮೆ ಬಡ್ಡಿಯ ಒಂದು ಜಾಹೀರಾತನ್ನು ಕತ್ತರಿಸಿಟ್ಟುಕೊಳ್ಳಿ. ಕಾರಿನದೇ ಆಗಬೇಕಿಲ್ಲ, ಫ್ರಿಜ್ ಅಥವಾ ಫೋನಿನದಾದರೂ ಸರಿ. ಅಂಗಡಿಗೆ ಹೋಗಿ ಅದರ ನಗದು ಬೆಲೆಯನ್ನು ವಿಚಾರಿಸಿ. ಸರಾಸರಿ ಬಾಕಿ ಅರ್ಧ ಎಂಬ ಸೂತ್ರದಿಂದ ದರವನ್ನು ಅಂದಾಜು ಮಾಡಿ, ತರಗತಿಯಲ್ಲಿ ಗೆಳೆಯರ ಲೆಕ್ಕದೊಡನೆ ಹೋಲಿಸಿ. ಉತ್ತರ ಸೊನ್ನೆಯೇ ಬಂದರೆ ಸಂತೋಷ, ಆ ಯೋಜನೆ ನಿಜಕ್ಕೂ ಒಳ್ಳೆಯದು. ಬರದಿದ್ದರೆ, ಮುಂದೊಂದು ದಿನ ನಿಮ್ಮ ಮನೆಯವರು ಷೋರೂಮಿನ ಮೇಜಿನ ಮುಂದೆ ಪೆನ್ನು ಕೈಗೆತ್ತಿಕೊಂಡಾಗ ಏನು ಕೇಳಬೇಕೆಂಬುದು ನಿಮಗೆ ಗೊತ್ತಿರುತ್ತದೆ.